ಗುಂಡು ಸಿಗದ ಬಂದೂಕು

ಹಾಸನದ ಹತ್ತಿರದ ಸಾಲಗಾಮೆಯಲ್ಲಿ ನಮ್ಮ ಪಕ್ಕದ ಹೊಲದ ಯಜಮಾನರು ಪಂಪ್‌ಸೆಟ್ಟು ಕೊಂಡರೂ ಗುದ್ದಲಿ ಕೊಂಡರೂ ಮೊದಲು ಕೇಳುತ್ತಿದ್ದುದು ಒಂದೇ: "ಇದ್ರ ಸಾಮಾನು ಆಸನದಲ್ಲಿ ಸಿಕ್ತದೇನ್ಲಾ?"

ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಸಿಕ್ಕಾಗಲೂ ಅದನ್ನೇ ಕೇಳಿದರು. ನಮ್ಮ ಮನೆಗೆ ಮೊದಲ ಡಿಗ್ರಿ ತಂದವನು ನಾನು. ಊರೆಲ್ಲ ಇಟ್ಟುಕೊಂಡ ದಪ್ಪ ನಳಿಗೆಯ ಹನ್ನೆರಡು ಬೋರ್ ಬಂದೂಕು ಬೇಡ, ಸಣ್ಣ ನಳಿಗೆಯ ಹದಿನಾರು ಬೋರ್ ಹಗುರ, ಭುಜಕ್ಕೆ ಅಷ್ಟು ಒದೆಯುವುದಿಲ್ಲ ಎಂದು ಓದಿ ಹೇಳಿದೆ. ನಂಬಿ ಹಳೆಯದೊಂದು ಕೊಂಡರು. ಹಾಸನ, ಚನ್ನರಾಯಪಟ್ಟಣ ಎಲ್ಲಿ ಅಲೆದರೂ ಅದಕ್ಕೆ ಗುಂಡು ಸಿಗಲಿಲ್ಲ.

ಹಂದಿಗಳು ಅವರ ಆಲೂಗಡ್ಡೆ ಹೊಲವನ್ನು ಬುಡಮೇಲು ಮಾಡಿದ ಮರುದಿನವೇ, ಎಲೆಕ್ಷನ್ ಮುಗಿಯುವವರೆಗೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂದು ಪೊಲೀಸರು ಬಂದರು. ಯಜಮಾನರು ಹೆಗಲ ಟವೆಲನ್ನು ಕಂಬಕ್ಕೆ ಬೀಸಿ ಹೊಡೆದು, ಅಲ್ಲೇ ನಿಂತಿದ್ದ ನನ್ನತ್ತ ಬೆರಳು ತೋರಿಸಿದರು.

"ತಂದ್ ಕೊಡ್ತೀನಿ ಸಾ. ಜೊತ್ಗೆ ಇವನ ಡಿಗ್ರಿನೂ ಮಡಿಕ್ಕಳಿ. ಎರಡೂ ಸೇರಿ ಒಂದು ಅಂದಿ ಓಡುಸ್ನಿಲ್ಲ!"