ಹಿಕ್ಕೆ ಮಾಮನ ಮನೆಗೆ ಬೀಗರು ಬಂದದ್ದು

ಬಂದರಿನ ದಕ್ಕೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಿಕ್ಕೆ ಮಾಮ ಎಂದೇ. ಮೊದಲು ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದರು. ವಯಸ್ಸು ಐವತ್ತಾಗುವ ಹೊತ್ತಿಗೆ ಗುತ್ತಿಗೆದಾರನೊಬ್ಬ ಅವರನ್ನು ಗ್ಯಾಸ್ ಕಂಪನಿಯ ಸಮುದ್ರಕಟ್ಟೆಗಳನ್ನು ತೊಳೆಯುವ ಕೆಲಸಕ್ಕೆ ಹಾಕಿಕೊಂಡ.

ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಆ ಕಟ್ಟೆಗಳಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಕೆಳಗೆ ಕೊರೆದ ಬಾವಿಯ ಗ್ಯಾಸ್ ತನ್ನ ಒತ್ತಡಕ್ಕೆ ತಾನೇ ಮೇಲೆ ಬಂದು, ಕಡಲತಳದ ಕೊಳವೆಯಲ್ಲಿ ದಡ ಸೇರುತ್ತದೆ. ವಾಲ್ವ್ ತೆರೆಯುವುದು, ಮುಚ್ಚುವುದು ಎಲ್ಲ ದಡದ ಕಂಟ್ರೋಲ್ ರೂಮಿನಿಂದಲೇ. ಏನಾದರೂ ಕೆಟ್ಟರೆ ಕಟ್ಟೆ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ರಿಪೇರಿಯವರು ಹೋಗುವುದು ಅಪರೂಪ. ಮನುಷ್ಯರಿಲ್ಲದ ಜಾಗ ಕಂಡರೆ ಹಕ್ಕಿಗಳು ಬಿಟ್ಟಾವೆಯೇ? ಅವು ಕೂತು ಹಿಕ್ಕೆ ಹಾಕಿ ಎದ್ದ ಮೇಲೆ ಏಣಿ ಜಾರುತ್ತದೆ, ಕ್ಯಾಮೆರಾ ಕುರುಡಾಗುತ್ತದೆ, ಹೆಲಿಕಾಪ್ಟರ್ ಇಳಿಯುವ ಗುರುತೇ ಕಾಣದಾಗುತ್ತದೆ. ಹಾಗಾಗಿ ರಿಪೇರಿಯವರಿಗಿಂತ ಮೊದಲು ಪಂಪು, ಪೈಪು ಹೊತ್ತ ದೋಣಿಯಲ್ಲಿ ಮಾಮನ ತಂಡ ಹೋಗಬೇಕು.

ಮಗಳು ತಾನು ಮೆಚ್ಚಿದ ಹುಡುಗನ ವಿಷಯ ಹೇಳಿದಾಗ ಮಾಮನ ಹೆಂಡತಿ ಆ ಕಡೆಯವರಿಗೆ ಫೋನಿನಲ್ಲಿ, "ನಮ್ಮನೆಯವರದು ಗ್ಯಾಸ್ ಕಂಪನೀಲಿ ಮೇಲಿನ ಕೆಲಸ" ಅಂದುಬಿಟ್ಟರು.

"ಏನೇ ಇದು?"

"ಸುಳ್ಳೇನು ಹೇಳಿದೆ? ಮೇಲೆ ಹತ್ತಿ ತಾನೇ ಮಾಡೋದು?"

ಭಾನುವಾರ ಹುಡುಗನ ಅಪ್ಪ ಅಮ್ಮ ಬಂದರು. ಅಪ್ಪ ಬಸ್ ಡ್ರೈವರ್ ಆಗಿದ್ದವರು; ಅಮ್ಮ ಆಸ್ಪತ್ರೆಯ ಬಟ್ಟೆ ಒಗೆದು ಮಕ್ಕಳನ್ನು ಬೆಳೆಸಿದವರು. ಟೀ ಬಂತು.

"ಅಲ್ಲಿ ನಿಮ್ಮ ಕೈಕೆಳಗೆ ಎಷ್ಟು ಜನ ಇದಾರೆ?" ಡ್ರೈವರ್ ಕೇಳಿದರು.

"ಅಲ್ಲಿ ಜನಾನೇ ಇಲ್ಲ."

"ಹಾಗಾದ್ರೆ ಕೆಲಸ ಮಾಡೋರ್ಯಾರು?"

"ಅದರಷ್ಟಕ್ಕೆ ಅದು ನಡೀತಿರುತ್ತೆ. ದಡದಲ್ಲಿ ಕೂತೋರು ನೋಡ್ಕೋತಾರೆ."

"ಮತ್ತೆ ನೀವು?"

ಬಾಗಿಲ ಬಳಿಯಿಂದ ಹೆಂಡತಿ ಕಣ್ಣು ಬಿಟ್ಟರು. ಮಾಮ ಟೀ ಗುಟುಕರಿಸಿದರು.

"ಹೇಳಪ್ಪಾ, ಅವರ ಮಗನಿಗೆ ನಾನು ಯಾವತ್ತೋ ಹೇಳಿದೀನಿ" ಅಂದಳು ಮಗಳು.

"ಹಕ್ಕಿ ಹಿಕ್ಕೆ ತೊಳೀತೀನಿ."

ಡ್ರೈವರ್ ಲೋಟ ಕೆಳಗಿಟ್ಟರು. ಹುಡುಗನ ಅಮ್ಮ ಮುಂದಕ್ಕೆ ಬಾಗಿ, "ಬಟ್ಟೆ ವಾಸನೆ ಹೋಗುತ್ತಾ?" ಎಂದು ಕೇಳಿದರು.

"ಎಲ್ಲಿ ಹೋಗುತ್ತೆ! ಇವಳು ನನ್ನನ್ನ ಹಿತ್ತಲಲ್ಲೇ ನಿಲ್ಲಿಸ್ತಾಳೆ."

"ಬಿಸಿನೀರಲ್ಲಿ ನೆನೆಸ್ತೀರೇನೋ. ಹಾಗೆ ಮಾಡಿದ್ರೆ ಕಲೆ ಇನ್ನೂ ಕಚ್ಚಿಕೊಳ್ಳುತ್ತೆ. ತಣ್ಣೀರಿಗೆ ಒಂಚೂರು ವಿನೆಗರ್ ಹಾಕಿ ಬಿಟ್ಟುಬಿಡಿ."

"ಒಂಚೂರು ಅಂದ್ರೆ ಎಷ್ಟು?" ಎನ್ನುತ್ತಾ ಹೆಂಡತಿ ಬಾಗಿಲು ಬಿಟ್ಟು ಬಂದರು. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರೂ ಹಿತ್ತಲಲ್ಲಿದ್ದರು.

ಡ್ರೈವರ್ ಮತ್ತೆ ಲೋಟ ಎತ್ತಿಕೊಂಡರು. "ಬಸ್ಸಲ್ಲಿ ನಾನು ಎಷ್ಟು ಜನರ ವಾಂತಿ ತೊಳೆದಿಲ್ಲ! ಹಕ್ಕಿಗಳಾದ್ರೂ ವಾಸಿ ಬೀಗರೇ, ಟಿಕೆಟ್ ತಗೊಂಡಿದೀವಿ ಅಂತ ಜಗಳಕ್ಕೆ ಬರಲ್ಲ."

ಬೀಗರೇ ಎಂಬ ಮಾತು ಕಿವಿಗೆ ಬಿದ್ದು ಮಾಮನ ಕಣ್ಣು ತುಂಬಿತು. ಒರೆಸಿಕೊಳ್ಳಲು ಎದ್ದು ಒಳಗೆ ಹೋದರು.

ಸಮುದ್ರ ಕೆರಳಿ ದೋಣಿಗಳು ನಿಂತ ತಿಂಗಳಲ್ಲಿ ಮದುವೆ ಆಯಿತು. ಅಲೆ ಇಳಿದ ಮೇಲೆ ಮಾಮ ಹೋಗಿ ನೋಡಿದರೆ ಕಟ್ಟೆಯ ತುಂಬ ಬಿಳಿ ಬಿಳಿ. ಮದುವೆ ಊಟ ಉಂಡವರು ಇವರೇ ಏನೋ ಅನ್ನುವ ಹಾಗೆ ಹಕ್ಕಿಗಳು ಸಾಲಾಗಿ ಕೂತಿದ್ದವು.