ಒಲೆ ಹಚ್ಚದ ಬೀದಿ

ಕೊರೊನಾ ಮುಗಿದ ಮರುವರ್ಷ ನಾನು ಯಲಹಂಕದ ಕಡೆ ಶವವಾಹನ ಓಡಿಸುತ್ತಿದ್ದೆ. ನನ್ನ ಗಾಡಿಯಲ್ಲಿ ಮಲಗಿದವರು ಯಾವತ್ತೂ ಜಗಳ ಆಡಿದವರಲ್ಲ. ಆಡುವವರೆಲ್ಲ ಸುತ್ತ ನಿಂತಿರುತ್ತಾರೆ.

ಅವತ್ತಿನವರು ಮಲಗಿರಲೂ ಇಲ್ಲ. ಗದಗ ಕಡೆಯ ಸಂಗಪ್ಪ, ಫ್ಯಾಕ್ಟರಿ ಕೆಲಸದವರು, ಒಂದು ಹಳೇ ಊರಿನಲ್ಲಿ ಬಾಡಿಗೆಗಿದ್ದವರು. ಊರಿನ ಹೆಸರು ಬೇಡ ಬಿಡಿ. ಸಂಗಪ್ಪನವರ ಜನರಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಹಾಗಾಗಿ ವಿಭೂತಿ ಬಳಿದು, ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಕನ್ನಡಿ ನೋಡಿದಾಗಲೆಲ್ಲ ಅವರೇ ಕಾಣುತ್ತಿದ್ದರು.

ಸ್ಮಶಾನದ ದಾರಿಗೆ ಟ್ರಾಕ್ಟರ್ ಅಡ್ಡ ನಿಂತಿತ್ತು. ಊರಿನ ಯಜಮಾನ ಮುನಿಶಾಮಪ್ಪ ಕಿಟಕಿ ಹತ್ತಿರ ಬಂದರು.

"ಅರ್ಧ ಸ್ಮಶಾನ ರಸ್ತೆಗೋಯ್ತು. ಉಳಿದಿರೋದು ನಮ್ಮೋರ್ಗೇ ಸಾಲಲ್ಲ. ಒರಗಿನೋರು ಚಿತಾಗಾರಕ್ಕೋಗ್ಲಿ." ಆಮೇಲೆ ನನಗೆ, "ಇಲ್ಲೇ ಪಕ್ಕದ ಅಬ್ಬಿಗೆರೆಯೋನು ನೀನು. ನಮ್ಮೋನಾಗಿ ಇಂಗ್ ಮಾಡ್ಬೋದೇನಯ್ಯಾ?"

ಹಿಂದೆ ಸಂಗಪ್ಪನವರ ನೆಂಟರ ಟೆಂಪೊಗಳು. "ಗಾಡಿ ಹಿಂದ ತಗದ್ರ ನೋಡ ಮತ್ತ," ಅಂದ ಅವರ ಅಳಿಯ. ಎರಡೂ ಪಕ್ಕ ಮನೆಗಳ ಗೋಡೆ, ನನ್ನ ಬಾಗಿಲು ತೆಗೆಯುವಷ್ಟೂ ಜಾಗವಿಲ್ಲ. ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಅಂತ ಸಂಗಪ್ಪನವರ ಹೆಂಡತಿ ಗಿರಿಜವ್ವ ನನ್ನ ಗಾಡಿಯಲ್ಲೇ ಹಿಂದೆ ಕೂತು ಒಂದೇ ಸಮ ಹೇಳುತ್ತಿದ್ದರು.

ಮಧ್ಯಾಹ್ನ ದಾಟಿತು. ಗಾಡಿ ನಿಂತಿದ್ದು ಮುನಿಶಾಮಪ್ಪನವರ ಮನೆ ಮುಂದೆಯೇ. ಸೊಸೆ ಬಾಗಿಲಿಗೆ ಬಂದು, "ಮಾವ, ಮಕ್ಳು ಅಸ್ಕೊಂಡವೆ, ಅಡ್ಗೆ ಮಾಡ್ಲಾ?" ಅಂದರು.

"ಊರಲ್ಲಿ ಎಣ ಐತೆ. ಅದು ಓಗೋಗಂಟ ಒಲೆ ಎಂಗಮ್ಮಾ ಅಚ್ತೀಯಾ?"

ನಮ್ಮ ಹಳೇ ಊರುಗಳ ಪದ್ಧತಿಯೇ ಅದು. ಹೆಣ ಊರು ದಾಟುವ ತನಕ ಯಾರ ಮನೆಯಲ್ಲೂ ಅಡುಗೆಯಿಲ್ಲ, ಗುಡಿಯ ಬಾಗಿಲೂ ತೆಗೆಯುವುದಿಲ್ಲ. ದಾರಿ ಕಟ್ಟಿದವರು ಬೆಳಗಿನಿಂದ ತಾವೇ ಉಪವಾಸ ಕೂತಿದ್ದರು.

ಗಿರಿಜವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿದರು. "ಯಜಮಾನ್ರ, ನಮ್ಮೂರಾಗೂ ಹಿಂಗ ರೀ. ಊರವರು ಸತ್ರ ಒಲಿ ಹಚ್ಚಂಗಿಲ್ಲ. ಹೊರಗಿನವರ ಸಲುವಾಗಿ ಯಾರ್ ಉಪಾಸ ಇರ್ತಾರ್ರೀ?"

ಮುನಿಶಾಮಪ್ಪ ಬಾಗಿಲಲ್ಲಿ ನಿಂತ ಸೊಸೆಯ ಕಡೆಗೊಮ್ಮೆ, ಟ್ರಾಕ್ಟರ್ ಕಡೆಗೊಮ್ಮೆ ನೋಡಿದರು. ಕೊನೆಗೆ, "ಗುಂಡಿ ಎಷ್ಟುದ್ದ ಬೇಕಮ್ಮಾ?" ಅಂದರು.

"ಉದ್ದ ಬ್ಯಾಡ್ರೀ. ಆಳ ಇದ್ರ ಸಾಕು, ಕುಂದ್ರಸ್ತೀವಿ."

ಟ್ರಾಕ್ಟರ್ ತೆಗೆಯಲು ಹೇಳಿ, ಗುದ್ದಲಿ ತರಲು ಅವರೇ ಒಳಗೆ ಹೋದರು. ಬೇಲಿ ಪಕ್ಕ ಜಾಗ ತೋರಿಸಿದರು. ಅವರ ಮಗನೂ ಸಂಗಪ್ಪನವರ ಅಳಿಯನೂ ಒಂದೇ ಗುಂಡಿಗಿಳಿದು, ಮುಖ ಗಂಟಿಕ್ಕಿಕೊಂಡೇ ಮಣ್ಣೆತ್ತಿದರು. ಪ್ರೀತಿ ಉಕ್ಕಿತು ಅಂತ ನಾನೇನೂ ಹೇಳುವುದಿಲ್ಲ. ಬೆಳಕಿರುವಾಗಲೇ ಮಣ್ಣಾಯಿತು.

ಅವತ್ತಿನಿಂದ ಯಾರಾದರೂ ದಾರಿ ಕಟ್ಟಿದರೆ ನಾನು ಹಾರನ್ ಹೊಡೆಯುವುದಿಲ್ಲ. ಊಟ ಆಯ್ತಾ ಅಂತ ಕೇಳುತ್ತೇನೆ.