ಕುರಿ ಪುಟಕ್ಕೆ ಬಿದ್ದ ಕೆಂಪು

ನಿವೃತ್ತಿಯಾಗುವವರೆಗೂ ನಾನು ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ ಕೂತವನು. ಅಲ್ಲಿ ಒಂದು ನಿಯಮವಿತ್ತು. ಸಂದೇಶ ಹೇಳಿ ಮುಗಿಸಿದರೆ ಕೆಲಸ ಮುಗಿದಂತಲ್ಲ. ಆ ಕಡೆಯವನು ಅದನ್ನೇ ತಿರುಗಿ ಓದಿ ಹೇಳಬೇಕು. ಹೇಳದಿದ್ದರೆ ಸಂದೇಶ ತಲುಪಿಲ್ಲ. ಈ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಅಂಗಡಿಗೆ ಹೊರಟವರಿಂದಲೂ ನಾನು ಸಾಮಾನಿನ ಹೆಸರು ತಿರುಗಿ ಹೇಳಿಸುತ್ತಿದ್ದೆ. ಮನೆಯವರು ನಗುತ್ತಿದ್ದರು.

ನಿವೃತ್ತಿಯ ಮೇಲೆ ಚಿತ್ರದುರ್ಗದ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕುರಿ ಕಾಯುವವರಿಗೆಂದು ಒಂದು ವೆಬ್‌ಸೈಟ್ ಮಾಡಿಸಿದೆ. ನಮ್ಮದು ಕುರಿಗಾರರ ಮನೆ. ಅಪ್ಪನ ಮಂದೆ ಬಿಟ್ಟು ಶಾಲೆಗೆ ಹೋದವನು ನಾನು. ಮಂದೆಯ ಜೊತೆಗೆ ಉಳಿದವಳು ಅಕ್ಕ. ಮದುವೆಯಲ್ಲಿ ಅಪ್ಪ ಅವಳಿಗೆ ಬಳುವಳಿಯಾಗಿ ಒಂದಿಷ್ಟು ಹೆಣ್ಣುಕುರಿ ಕೊಟ್ಟು ಕಳಿಸಿದ್ದ. ಅವುಗಳ ಮರಿ, ಆ ಮರಿಗಳ ಮರಿ ಎಂದು ಬೆಳೆದು ನಿಂತದ್ದೇ ಈಗ ಅಕ್ಕ ಮತ್ತು ಅವಳ ಮಗ ಕಾಯುತ್ತಿದ್ದ ಮಂದೆ. ಅಕ್ಕನ ಮಗನನ್ನು ಇಲ್ಲಿ ಅಳಿಯ ಎನ್ನುತ್ತೇನೆ. ನಮ್ಮಲ್ಲಿ ಕರೆಯುವುದೇ ಹಾಗೆ. ಅಪ್ಪನ ಹೊಲ ಪಾಲಾಗಿ ಯಾರ ಯಾರದೋ ಆಯಿತು. ಅಪ್ಪನದು ಎಂದು ಜೀವಂತ ಉಳಿದಿದ್ದದ್ದು ಆ ಕುರಿಗಳ ಸಾಲು ಮಾತ್ರ. ಅವರ ಊಟ, ಬಟ್ಟೆ, ಅಳಿಯನ ಮಕ್ಕಳ ಶಾಲೆ, ಎಲ್ಲ ಅದರಿಂದಲೇ.

ಸೈಟಿನ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ, ತಿಂಡಿಗೆ ಮುಂಚೆ, ಪಶು ಡಾಕ್ಟರಿಗೆ ಫೋನು. ಯಾವ ಕಡೆ ಬೇನೆ ಬಿದ್ದಿದೆ, ಯಾವ ಕಡೆ ಲಸಿಕೆ ಹಾಕುತ್ತಾರೆ ಎಂದು ಕೇಳುವುದು, ಕೇಳಿದ್ದನ್ನು ಅವರಿಗೇ ತಿರುಗಿ ಹೇಳುವುದು, ಆಮೇಲೆ ಪುಟಕ್ಕೆ ಏರಿಸುವುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹೋಬಳಿಗೊಂದು ಪುಟ. ಓದು ಬಾರದವರಿಗೂ ತಿಳಿಯಲಿ ಎಂದು ಪ್ರತಿ ಪುಟದ ನೆತ್ತಿಗೆ ಬಣ್ಣದ ಪಟ್ಟಿ. ಹಸಿರಿದ್ದರೆ ಹೋಗಬಹುದು. ಕೆಂಪಿದ್ದರೆ ಆ ಕಡೆ ಕುರಿ ಹೊಡೆಯಬಾರದು.

ಕೆಂಪು ನಾನು ಕಂಡುಹಿಡಿದದ್ದಲ್ಲ. ನಮ್ಮವರು ಮುಳ್ಳುಬೇಲಿಯ ಕುರಿದೊಡ್ಡಿಗೆ ರೊಪ್ಪ ಎನ್ನುತ್ತಾರೆ. ರೊಪ್ಪಕ್ಕೆ ಬೇನೆ ಬಂದರೆ ದಾರಿಯ ಬಾಯಲ್ಲಿ ಜಾಲಿಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡ ಕುರಿಗಾರ ಹತ್ತಿರ ಬಂದು ವಿಚಾರಿಸುವುದಿಲ್ಲ. ದೂರದಿಂದಲೇ ಮಂದೆ ತಿರುಗಿಸುತ್ತಾನೆ. ಆ ರೊಪ್ಪದಿಂದ ನೀರು ತರುವುದಿಲ್ಲ, ಬೆಂಕಿ ತರುವುದಿಲ್ಲ, ಅಲ್ಲಿಯವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಟ್ಟಿದವರೇ ಬಂದು ಬಿಚ್ಚುವವರೆಗೆ ಬಟ್ಟೆಯ ಮಾತೇ ಮಾತು.

ರಾಗಿ ಕೊಯ್ಲು ಮುಗಿದಿತ್ತು. ಅಕ್ಕನ ಮಂದೆ ಶ್ರೀರಾಂಪುರದ ಕಡೆಯಿಂದ ಮೇಲಕ್ಕೆ ಹೊರಟಿತ್ತು. ಹಿರೇಬೇನೆಯ ಲಸಿಕೆ ಹಿಂದಿನ ಸಲ ಅವುಗಳಿಗೆ ತಪ್ಪಿಹೋಗಿತ್ತು. ಈ ಬೇನೆ ಹೊಕ್ಕರೆ ಮಂದೆಗೆ ಮಂದೆಯೇ ಮಲಗುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಲಸಿಕೆ ಶಿಬಿರ ಇದೆಯೆಂದು ಡಾಕ್ಟರು ಹೇಳಿದ ಕೂಡಲೇ ಅಕ್ಕನಿಗೆ ಫೋನು ಮಾಡಿದೆ. ಬಿ.ದುರ್ಗಕ್ಕೆ ಹೋಗಿ, ಹೋಗುವ ಮುಂಚೆ ಪುಟ ನೋಡಿಕೊಳ್ಳಿ ಎಂದೆ. ತಿರುಗಿ ಹೇಳು ಎಂದೆ.

“ಬಿ.ದುರ್ಗಕ್ಕೆ ಹೋಗಾದು, ಪುಟ ನೋಡಾದು. ಆತೇನಪ್ಪ?” ಎಂದು ಅಕ್ಕ ನಕ್ಕಳು. “ಸರ್ಕಾರ ನಿನ್ನ ಮನೆಗೆ ಕಳಿಸಿದ್ರೂ ನೀನು ವೈರ್‌ಲೆಸ್ಸು ಬಿಡಾಂಗಿಲ್ಲ ನೋಡು.”

ಎರಡು ಬೆಳಗು ಕಳೆದವು. ಹೊಸದುರ್ಗದಲ್ಲಿ ಪಶು ಔಷಧಿ ಅಂಗಡಿ ಇಟ್ಟಿರುವ ಒಬ್ಬರು ಫೋನು ಮಾಡಿ, “ಸಾರ್, ನಿಮ್ ಪುಟ ಪೂರ್ತಿ ಕೆಂಪಾಗೈತೆ, ಏನ್ ಸಮಾಚಾರ?” ಎಂದರು.

ಕಂಪ್ಯೂಟರಿನಲ್ಲಿ ತೆರೆದೆ. ಎಂದಿನಂತೆ ತೆರೆಯಿತು, ಬಿ.ದುರ್ಗಕ್ಕೆ ಹಸಿರು ಪಟ್ಟಿ. ಮೊಬೈಲಿನಲ್ಲಿ ತೆರೆದೆ. ಪರದೆಯ ಅಂಚಿನಿಂದ ಅಂಚಿಗೆ ಕೆಂಪು. ನಡುವೆ ಬಿಳಿಯ ಎಚ್ಚರಿಕೆ ಗುರುತು, ಕೆಳಗೆ ಇಂಗ್ಲಿಷಿನಲ್ಲಿ ಕೆಲವು ಸಾಲು: ಈ ಸೈಟು ನಿಮ್ಮ ಫೋನಿಗೆ ಕೇಡು ಮಾಡಬಹುದು, ಹಿಂದಕ್ಕೆ ಹೋಗಿ. ಯಾವ ಹೋಬಳಿಯ ಪುಟ ಒತ್ತಿದರೂ ಅದೇ ಕೆಂಪು.

ಗಾಬರಿಯಾದಾಗ ಒಂದೊಂದಾಗಿ ನೋಡಬೇಕೆಂಬುದು ನಮ್ಮ ಕೋಣೆಯ ಪಾಠ. ಸೆಟ್ಟು ಕೆಟ್ಟಿದೆಯೋ, ತಂತಿ ಕೆಟ್ಟಿದೆಯೋ, ಆ ಕಡೆ ಕೆಟ್ಟಿದೆಯೋ. ಮೊದಲು ಫೋನಿನ ತಾರೀಖು, ಗಡಿಯಾರ ಸರಿಯಿವೆಯೇ ಎಂದು ನೋಡಿದೆ. ಸರಿಯಿದ್ದವು. ಮನೆಯ ವೈಫೈ ಆರಿಸಿ ಸಿಮ್ಮಿನ ನೆಟ್ಟಿನಲ್ಲಿ ನೋಡಿದೆ, ಕೆಂಪು. ಪಕ್ಕದ ಮನೆಯವರ ಫೋನು ಈಸಿಕೊಂಡು ನೋಡಿದೆ, ಕೆಂಪು. ಅದೇ ಫೋನಿನಲ್ಲಿ ಬೇರೆ ಬ್ರೌಸರಿನಿಂದ ಹೋದೆ, ಹಸಿರು. ಅಲ್ಲಿಗೆ ಫೋನು ಕೆಟ್ಟಿಲ್ಲ, ನೆಟ್ಟು ಕೆಟ್ಟಿಲ್ಲ ಎಂದಾಯಿತು. ಆಮೇಲೆ ಸೈಟಿನ ಕಡತಗಳನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಇಟ್ಟಿದ್ದ ಪ್ರತಿಯ ಜೊತೆ ಸಾಲಿಗೆ ಸಾಲು ಹೋಲಿಸಿದೆ. ಯಾರೂ ಏನನ್ನೂ ತುರುಕಿರಲಿಲ್ಲ. ನನ್ನ ಪುಟ ಚೊಕ್ಕಟವಾಗಿತ್ತು. ತಪ್ಪಿದ್ದದ್ದು ಕೇಡಿನ ಸೈಟುಗಳೆಂದು ಬ್ರೌಸರ್ ಕಂಪನಿ ಇಟ್ಟುಕೊಂಡ ಕಾವಲು ಪಟ್ಟಿಯಲ್ಲಿ.

ಹಾಗೆಂದು ಕುರಿಗಾರರ ವಾಟ್ಸಾಪ್ ಗುಂಪಿಗೆ ಬರೆದೆ: “ಪುಟದ ಮೇಲಿನ ಕೆಂಪು ಸುಳ್ಳು. ಏನೂ ಆಗಿಲ್ಲ. ಕೆಳಗೆ ವಿವರ ಎಂದಿರುವಲ್ಲಿ ಒತ್ತಿ ಒಳಗೆ ಹೋಗಿ.” ಹಲವರು ಹೆಬ್ಬೆಟ್ಟು ಎತ್ತಿದರು. ಅಳಿಯನ ಹೆಸರಿನ ಮುಂದೆ ನೀಲಿ ಗೆರೆಗಳು ಬಂದವು. ಓದಿದ್ದಾನೆ, ಸರಿ, ಎಂದು ಕಂಪ್ಯೂಟರ್ ಅಂಗಡಿಗೆ ಹೊರಟೆ. ಸೈಟು ಕಟ್ಟಿಕೊಟ್ಟವನು ಆ ಅಂಗಡಿಯ ಹುಡುಗನೇ.

ಅವನು ಪರದೆ ನೋಡಿ ತಲೆ ಆಡಿಸಿದ. “ಸಾರ್, ನಿಮ್ದು ವಠಾರದ ಮನೆ. ಕಮ್ಮಿ ಬಾಡಿಗೆ ಅಂತ ಒಂದೇ ವಿಳಾಸದ ಕೆಳಗೆ ನೂರಾರು ಸೈಟು ಅವೆ. ಯಾವನೋ ಒಬ್ಬ ಒಳಗೆ ಕಳ್ಳಮಾಲು ಇಟ್ಟವ್ನೆ. ಬ್ರೌಸರಿನೋರು ವಠಾರದ ಬಾಗ್ಲಿಗೇ ಕೆಂಪು ಬಳಿದವ್ರೆ.”

“ಅದಕ್ಕೆ ನಾನೇನು ಮಾಡಿದೆ?”

“ಇದನ್ನ ಪೊಲೀಸಿನೋರು ನಂಗೆ ಕೇಳ್ತೀರಲ್ಲ ಸಾರ್! ಒಬ್ಬ ಕದ್ರೆ ಓಣಿಯೋರ್ನೆಲ್ಲ ಜೀಪಿಗೆ ಹಾಕ್ಕಂಡು ಹೋಗ್ತಿರ್ಲಿಲ್ವಾ?”

ನನಗೆ ನಗು ಬರಲಿಲ್ಲ. ದಾರಿ ಏನೆಂದು ಕೇಳಿದೆ. ಸೈಟು ನನ್ನದೇ ಎಂದು ಬ್ರೌಸರ್ ಕಂಪನಿಗೆ ತೋರಿಸಲು ಅವರು ಕೊಟ್ಟ ಒಂದು ಸಣ್ಣ ಕಡತವನ್ನು ಸೈಟಿನೊಳಗೆ ಇಡಬೇಕು. ಇಟ್ಟು, ಮತ್ತೊಮ್ಮೆ ಪರೀಕ್ಷಿಸಿ ಎಂದು ಕೋರಿಕೆ ಹಾಕಬೇಕು. ಇಬ್ಬರೂ ಕೂತು ಅದನ್ನು ಮುಗಿಸಿದೆವು. ಕೋರಿಕೆ ಬಂದಿದೆ, ನೋಡುತ್ತೇವೆ, ಕೆಲವು ದಿನ ಹಿಡಿಯಬಹುದು ಎಂದು ಉತ್ತರ ಬಂತು. ಆ ಕಡೆ ಮನುಷ್ಯನಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಕುರಿ, ಬೇನೆ, ಲಸಿಕೆ ಎಂದು ಹೇಳೋಣವೆಂದರೆ ಬರೆಯಲು ಜಾಗವೂ ಇರಲಿಲ್ಲ. ವಠಾರ ಬಿಟ್ಟು ಸ್ವಂತ ವಿಳಾಸಕ್ಕೆ ಹೋಗೋಣ ಎಂದೆ. ಅದಕ್ಕೂ ಸಮಯ ಬೇಕು ಎಂದ.

ಮರುದಿನ ಬೆಳಿಗ್ಗೆ ಎಂದಿನಂತೆ ಡಾಕ್ಟರಿಗೆ ಫೋನು ಮಾಡಿದೆ. ಅವರು ಎರಡು ಮಾತು ಹೇಳಿದರು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆ ಹೊರಗಿನಿಂದ ಬಂದ ಒಂದು ಮಂದೆಯಲ್ಲಿ ಹಿರೇಬೇನೆ ಕಾಣಿಸಿದೆ. ಬಿ.ದುರ್ಗದ ಶಿಬಿರಕ್ಕೆ ನಿಮ್ಮ ಅಳಿಯನ ಕುರಿ ಬಂದೇ ಇಲ್ಲ.

ಎರಡನ್ನೂ ತಿರುಗಿ ಹೇಳಿದೆ. ಮತ್ತೋಡಿನ ಪುಟಕ್ಕೆ ಕೆಂಪು ಪಟ್ಟಿ ಹಾಕಿದೆ. ಹೆಚ್ಚಿನವರ ಫೋನಿನಲ್ಲಿ ತೆರೆಯದ ಪುಟಕ್ಕೆ. ಗುಂಪಿಗೂ ಬರೆದೆ. ಅಳಿಯನ ಫೋನು ಆರಿತ್ತು, ಅಕ್ಕನದೂ ಹತ್ತಲಿಲ್ಲ. ತಿಂಡಿ ಬಿಟ್ಟು ಬಸ್ಸು ಹಿಡಿದೆ.

ಹೊಳಲ್ಕೆರೆ ದಾಟಿ, ಹೊಸದುರ್ಗ ಹತ್ತಿರವಾಗುವಲ್ಲಿ, ಮಂದೆಗಳು ಹಾಯುವ ದಾರಿಯಲ್ಲಿ ಒಂದು ಚಹಾ ಅಂಗಡಿ ಇದೆ. ಅಲ್ಲಿ ಇಳಿದು ಅಂಗಡಿಯ ಹೆಂಗಸನ್ನು ಕೇಳಿದೆ.

“ನಿನ್ನೆ ಬೆಳಿಗ್ಗೆನೇ ಬಂದಿದ್ರು ಕಣ್ರಿ, ಅಜ್ಜಿನೂ ಮಗನೂ. ಇಲ್ಲೇ ಫೋನು ಚಾರ್ಜಿಗೆ ಹಾಕಿದ್ರು. ಅದ್ರಾಗೆ ಅದೇನ್ ಕಂಡ್ತೋ, ಆ ಯಪ್ಪನ ಮಕ ಸಣ್ಣಗಾತು. ಚಾರ್ಜು ತುಂಬಾಕೂ ಬಿಡ್ಲಿಲ್ಲ, ಚಹಾನೂ ಕುಡೀಲಿಲ್ಲ. ಕುರಿ ತಿರುಗಿಸ್ಕಂಡು ಹೊಸದುರ್ಗದ ಕಡೆಗೇ ಹೋದ್ರು.”

ಇನ್ನೊಂದು ಬಸ್ಸು ಹಿಡಿದು ಹೊಸದುರ್ಗದಲ್ಲಿ ಇಳಿದು ಔಷಧಿ ಅಂಗಡಿಯಲ್ಲಿ ವಿಚಾರಿಸಿ, ಅಲ್ಲಿಂದ ಆಟೋ ಹಿಡಿದು ಮತ್ತೋಡಿನ ದಾರಿಗೆ ಹೋದೆ. ರಾಗಿ ಕೊಯ್ದ ಹೊಲದಲ್ಲಿ ಮಂದೆ ಹರಡಿತ್ತು. ಅಕ್ಕ ಮೂರು ಕಲ್ಲಿನ ಒಲೆಯ ಮುಂದೆ ಕೂತು ಹಿಟ್ಟು ತಿರುವುತ್ತಿದ್ದಳು.

“ಇದೇನಪ್ಪ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಕುಂತ್ಕ. ಮುದ್ದೆ ಆತು.”

“ಮುದ್ದೆ ಆಮೇಲೆ. ಕುರಿ ಎಲ್ಲಿ ನೀರು ಕುಡಿದವು?”

ಅಳಿಯ ಕೋಲೆತ್ತಿ ತೋರಿಸಿದ. “ಅಗಾ, ಆ ಕಟ್ಟೇಲಿ ಮಾವ. ಇನ್ನೊಂದು ಮಂದೆನೂ ಅಲ್ಲೇ ಕುಡೀತೈತೆ.”

“ಅವರ ರೊಪ್ಪಕ್ಕೆ ಬಟ್ಟೆ ಕಟ್ಟಿರಲಿಲ್ವಾ?”

“ಎಲ್ಲೈತೆ ಬಟ್ಟೆ? ದೂರದೋರು. ಕುರಿ ಮೂಗು ಸೋರ್ತಿದ್ವು, ಕೇಳ್ದೆ. ಚಳಿಗೆ, ಏನಿಲ್ಲ ಅಂದ್ರು.” ಆಮೇಲೆ ಅವನು ನನ್ನ ಮುಖವನ್ನೇ ನೋಡಿದ. “ಯಾಕ್ ಮಾವ?”

ಹೇಳಿದೆ. ಅವನು ಕೋಲನ್ನು ನೆಲಕ್ಕೆ ಹಾಕಿ ಅಲ್ಲೇ ಕುಕ್ಕರಿಸಿದ. ಅಕ್ಕನ ಮುದ್ದೆಕೋಲು ಹಿಟ್ಟಿನಲ್ಲೇ ನಿಂತಿತು.

“ನಾನು ಬರೆದಿದ್ದೆನಲ್ಲೋ, ಕೆಂಪು ಸುಳ್ಳು ಅಂತ. ನೀನು ಓದಿದೆ.”

“ಓದ್ದೆ ಮಾವ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಬಿ.ದುರ್ಗದ ಪುಟ ಒತ್ತಿದ್ದಕ್ಕೆ ಮೇಲಿಂದ ಕೆಳಗಂಟ ಕೆಂಪು. ದಿನಾ ನೆತ್ತಿಗೆ ಒಂದು ಪಟ್ಟಿ ಇರ್ತಿತ್ತು, ಇವತ್ತು ಪುಟಾನೇ ಕೆಂಪಾಗೈತೆ ಅಂದ್ರೆ ಊರಿಗೂರೇ ಬ್ಯಾನೆ ಬಿದ್ದೈತೆ ಅಂದ್ಕಂಡೆ. ಆಮ್ಯಾಕೆ ಏನಿಲ್ಲ, ಒಳಗೆ ಹೋಗ್ರಿ ಅಂತ ಬಂತು. ಬ್ಯಾನೆ ಬಂದ ರೊಪ್ಪದೋರು ಯಾವತ್ತಾರ ಬ್ಯಾನೆ ಐತೆ ಅಂದಾರಾ? ಏನಿಲ್ಲ ಬರ್ರಿ ಅಂತ್ಲೇ ಕರೆಯಾದು.”

“ಕಳಿಸಿದ್ದು ನಾನು ಕಣೋ.”

“ನಿಮ್ಮ ಹೆಸರಿಂದ್ಲೇ ಬಂದಿತ್ತು. ಅದ್ಕೇ ಇನ್ನೂ ಹೆದರಿಕೆ ಆತು. ಫೋನಾಗೆ ಕೆಂಪು ಬಂದ್ರೆ ಯಾರ್ ಹೇಳಿದ್ರೂ ಮುಂದಕ್ಕೆ ಹೋಗ್ಬ್ಯಾಡ, ನನ್ನ ಹೆಸರು ಹೇಳ್ಕಂಡು ಬಂದ್ರೂ ನಂಬ್ಯಾಡ ಅಂತ ನೀವೇ ಹೇಳಿದ್ರಲ್ಲ ಮಾವ.”

ಹೇಳಿದ್ದೆ. ಊರಲ್ಲಿ ಕೆಲವರು ಮೊಬೈಲ್ ಮೋಸಕ್ಕೆ ಸಿಕ್ಕಾಗ ಎಲ್ಲರನ್ನೂ ಕೂರಿಸಿ ಹೇಳಿದ್ದೆ, ತಿರುಗಿಯೂ ಹೇಳಿಸಿದ್ದೆ. ಅದು ಸರಿಯಾದ ಮಾತು. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಅಳಿಯ ನಮ್ಮಪ್ಪ ಕಲಿಸಿದ ಕೆಂಪು ಬಟ್ಟೆಯ ನಿಯಮ ಪಾಲಿಸಿದ್ದ, ನಾನು ಕಲಿಸಿದ್ದನ್ನೂ ಪಾಲಿಸಿದ್ದ. ಎರಡೂ ಸೇರಿ ಅವನನ್ನು ಇದೇ ಕಟ್ಟೆಗೆ ತಂದು ನಿಲ್ಲಿಸಿದ್ದವು.

ನಾನು ಫೋನು ಮಾಡಿದ್ದಕ್ಕೆ ಅವತ್ತೇ ಡಾಕ್ಟರು ಬಂದರು. ಕುರಿಗಳ ಬಾಯಿ ಬಿಡಿಸಿ ನೋಡಿದರು. “ಒಳಗೆ ಹೊಕ್ಕಿರೋ ಬೇನೇನ ಸೂಜಿ ತಡೆಯಲ್ಲಮ್ಮ. ಆದ್ರೂ ಹಾಕಾಣ,” ಎಂದರು. ಹಾಕಿದರು. ಅಕ್ಕ ಒಂದೊಂದನ್ನೇ ಹಿಡಿದುಕೊಟ್ಟಳು. ನಾನು ಆ ರಾತ್ರಿ ಉಳಿಯಲಿಲ್ಲ. ಇದ್ದು ಮಾಡುವುದು ಏನೂ ಇರಲಿಲ್ಲ.

ಮೊದಲು ಮರಿಗಳು ಮೇವು ಬಿಟ್ಟವು. ಕಣ್ಣಲ್ಲಿ ಪಿಸುರು, ಮೂಗಿನ ಸಿಂಬಳ ಗಟ್ಟಿಯಾಗಿ ಉಸಿರು ಕಟ್ಟಿತು, ಬಾಯೊಳಗೆ ಹುಣ್ಣು. ಆಮೇಲೆ ತಾಯಿಕುರಿಗಳು. ಅಳಿಯ ಗುಂಡಿ ತೆಗೆಯುವುದು, ಸುಣ್ಣ ಹಾಕುವುದು, ಮತ್ತೆ ಗುಂಡಿ ತೆಗೆಯುವುದು. ಫೋನಿನಲ್ಲಿ ಅವನ ಮಾತು ದಿನದಿನಕ್ಕೆ ಚಿಕ್ಕದಾಯಿತು. “ಇವತ್ತೂ ಹೋದ್ವು ಮಾವ” ಎಂದಷ್ಟೇ ಹೇಳಿ ಇಡುತ್ತಿದ್ದ.

ಆ ನಡುವೆ ಒಂದು ಬೆಳಿಗ್ಗೆ ಬ್ರೌಸರ್ ಕಂಪನಿಯಿಂದ ಉತ್ತರ ಬಂತು. ಪರೀಕ್ಷೆ ಮುಗಿದಿದೆ, ನಿಮ್ಮ ಸೈಟಿನಲ್ಲಿ ದೋಷವಿಲ್ಲ, ಎಚ್ಚರಿಕೆ ತೆಗೆದಿದ್ದೇವೆ. ಮೊಬೈಲಿನಲ್ಲಿ ಒತ್ತಿದೆ. ಬಿ.ದುರ್ಗ ಹಸಿರಾಗಿ ತೆರೆಯಿತು. ನೋಡುತ್ತಾ ಕೂತೆ. ಮನೆಯವರು ತಿಂಡಿಗೆ ಕರೆದರೂ ಏಳಲಿಲ್ಲ.

ಅವತ್ತೇ ಮಧ್ಯಾಹ್ನ ಸುಣ್ಣದ ಚೀಲ, ಔಷಧಿ ತೆಗೆದುಕೊಂಡು ಹೋದೆ. ಹೊಲದ ದಾರಿಯ ಬಾಯಲ್ಲಿ ಜಾಲಿಗೂಟ ನೆಟ್ಟಿತ್ತು. ಅದಕ್ಕೆ ಕಟ್ಟಿದ್ದದ್ದು ಅಕ್ಕನ ಹಳೆಯ ಸೀರೆಯ ಸೆರಗು. ನಾನು ಗೂಟದ ಈಚೆ ನಿಂತೆ. ಅಕ್ಕ ಒಳಗಿನಿಂದ ನಡೆದು ಬಂದು ಮಾರು ದೂರದಲ್ಲಿ ನಿಂತಳು.

“ಅಲ್ಲೇ ಇಡು ಚೀಲ. ಇತ್ಲಾಗೆ ಬರಬ್ಯಾಡ. ನಿನ್ನ ಮೆಟ್ಟಿನಾಗೆ ಬ್ಯಾನೆ ಇನ್ನೊಂದು ರೊಪ್ಪಕ್ಕೆ ಹೋದೀತು.”

ಇಟ್ಟೆ. “ಅಪ್ಪನ ಸಾಲಿನವು ಉಳಿದಾವಾ?” ಎಂದೆ.

ಅವಳು ಹಿಂದೆ ತಿರುಗಿ ರೊಪ್ಪದ ಕಡೆ ನೋಡಿದಳು. “ಒಂದು ನಿಂತೈತೆ. ನಿಂತೈತೆ ಅಷ್ಟೇ. ಬೆಳಿಗ್ಗಿಂದ ಮೇವಿಗೆ ಬಾಯಿ ಹಾಕಿಲ್ಲ.”

ಆಮೇಲೆ ಅವಳೇ ಕೇಳಿದಳು. “ನಿನ್ನ ಪುಟ ನೆಟ್ಟಗಾತಾ?”

“ಆಯ್ತು.”

“ಹಂಗಾರೆ ನಮ್ದು ಹಾಕು. ಶ್ರೀರಾಂಪುರದ ಮಂದೆ ಒಂದು ಈ ಕಡೆ ಹೊಂಟೈತಂತೆ. ಏನಂತ ಹಾಕ್ತೀಯ, ಹೇಳು.”

“ಹಾಕ್ತೀನಿ ಬಿಡು.”

“ಹಂಗಲ್ಲ ಲೇ. ತಿರುಗಿ ಹೇಳು.”

ಹೇಳಿದೆ. ಮತ್ತೋಡಿನ ದಾರಿಯಲ್ಲಿ ಅಕ್ಕನ ರೊಪ್ಪ. ಹಿರೇಬೇನೆ. ಕಟ್ಟೆಯ ನೀರು ಕೆಟ್ಟಿದೆ. ಯಾರೂ ಕುರಿ ತರಬಾರದು. ಅವಳು ತಲೆಯಾಡಿಸಿ ಚೀಲ ಎತ್ತಿಕೊಂಡು ಹೋದಳು.

ಮೆಟ್ಟನ್ನು ಸುಣ್ಣದ ನೀರಿನಲ್ಲಿ ತೊಳೆದುಕೊಂಡು ಟಾರು ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಾ ಪುಟಕ್ಕೆ ಹಾಕಿದೆ. ತೆರೆದು ನೋಡಿದೆ. ಬೇರೆ ಬ್ರೌಸರಿನಲ್ಲಿ ನೋಡಿದೆ. ಎರಡರಲ್ಲೂ ತೆರೆಯಿತು, ಕೆಂಪು ಪಟ್ಟಿ ಸರಿಯಾಗಿ ಕೂತಿತ್ತು. ಆಮೇಲೆ ಶ್ರೀರಾಂಪುರದ ಆ ಕುರಿಗಾರನ ನಂಬರು ಹುಡುಕಿ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಿದ. ಹೇಳಿದೆ, ತಿರುಗಿ ಹೇಳಪ್ಪ ಎಂದೆ.

“ಮತ್ತೋಡು ಕಡೀಕೆ ಬ್ಯಾನೆ ಐತೆ, ಕುರಿ ತರಬಾರ್ದು,” ಎಂದ ಅವನು. “ಯಾರ ರೊಪ್ಪಕ್ಕೆ ಬಂದೈತಣ್ಣ?”

“ನಮ್ಮದಕ್ಕೆ” ಎಂದೆ.